ಅಕ್ಷರ ಹೋಗಬೇಕು, ಬಣ್ಣ ಉಳಿಯಬೇಕು

ಓದುಗರ ಪ್ರಶ್ನೆ – ಕಾರ್ಯಾಗಾರದ ಉತ್ತರ

ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ ರೆಕ್ಕೆಪುಕ್ಕ ಕಾಣಿಸಿಕೊಳ್ಳುತ್ತಿದೆ. ಈ ಸಲ ಚಿಕ್ಕ ವಿಮಾನದ ಮೈಮೇಲಿನ ಹಳೇ ವಿನೈಲ್ ಅಕ್ಷರ ಬಿಡಿಸುವ ಬಗ್ಗೆಯೇ ಐದು ಪತ್ರಗಳಿವೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಉಳಿದವಕ್ಕೂ ಬುನಾದಿ ಅದೇ.

ಪ್ರಶ್ನೆ: ದುರ್ಗಿಗುಡಿಯಲ್ಲಿ ನಮ್ಮದು ಸ್ಟಿಕ್ಕರ್ ಕಟಿಂಗ್ ಅಂಗಡಿ. ಬಸ್ಸು, ಆಟೋ, ಜೀಪಿನ ಕೆಲಸ ಚೆನ್ನಾಗಿ ಗೊತ್ತು. ಈಗ ನಾಲ್ಕು ಸೀಟಿನ ಒಂದು ವಿಮಾನದ ಎರಡೂ ಪಕ್ಕದ ಹಳೇ ಹೆಸರು ಕಿತ್ತು ಹೊಸದು ಹಾಕಿಕೊಡಿ ಅಂದಿದ್ದಾರೆ. ಹತ್ತು ವರ್ಷ ದಾಟಿದ ವಿನೈಲ್, ಒಂದಡಿ ಎತ್ತರದ ಅಕ್ಷರ, ಪಕ್ಕಕ್ಕೆ ಎಂಟು. ಬಸ್ಸಿಗೆ ಮಾಡುವ ಹಾಗೆ ಹೀಟ್ ಗನ್, ಬ್ಲೇಡು, ಥಿನ್ನರ್ ಇದ್ದರೆ ಸಾಕಲ್ಲವೇ? — ಶಿವಮೊಗ್ಗ

ಉತ್ತರ: ಆ ಮೂರನ್ನೂ ಅಂಗಡಿಯಲ್ಲೇ ಬಿಟ್ಟು ಹೋಗಿ.

ಬಸ್ಸಿನ ತಗಡಿಗೆ ಬ್ಲೇಡಿನ ಗೀರು ಬಿದ್ದರೆ ಟಚ್‌ಅಪ್ ಹೊಡೆದು ಕಳಿಸಬಹುದು. ಇಂಥ ವಿಮಾನದ ಪಕ್ಕದ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳು, 0.6ರಿಂದ 0.8ರ ಆಸುಪಾಸು. ಅದು ಪಾತ್ರೆಯ ಅಲ್ಯೂಮಿನಿಯಂ ಅಲ್ಲ, ತಾಮ್ರ ಬೆರೆಸಿದ ಗಟ್ಟಿ ಮಿಶ್ರಲೋಹ. ತಾಮ್ರದಿಂದ ಬಲ ಬರುತ್ತದೆ, ಜೊತೆಗೆ ತುಕ್ಕಿನ ಕಾಟವೂ ಬರುತ್ತದೆ. ಅದಕ್ಕೇ ತಗಡಿನ ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಹೊದಿಸಿರುತ್ತಾರೆ. ತೆಳು ತಗಡಿನಲ್ಲಿ ಆ ಪದರ ಒಂದೊಂದು ಮೈಗೆ ಒಟ್ಟು ದಪ್ಪದ ನೂರಕ್ಕೆ ಐದರಷ್ಟು. ಅಂದರೆ ಒಂದು ಕಾಗದದ ಅರ್ಧ ದಪ್ಪವೂ ಕಷ್ಟ. ಸ್ಟೀಲ್ ಬ್ಲೇಡಿನ ಮೂಲೆ ಅದನ್ನು ಒಂದೇ ಎಳೆತಕ್ಕೆ ದಾಟುತ್ತದೆ. ಆಮೇಲೆ ಆ ಗೀರಿನಲ್ಲಿ ಮಲೆನಾಡಿನ ತೇವ ಕೂರುತ್ತದೆ, ಮತ್ತು ಹಾರುವಾಗಿನ ಅದುರಾಟಕ್ಕೆ ಬಿರುಕು ಹುಟ್ಟಲು ಅದೇ ಜಾಗ ಆಗುತ್ತದೆ.

ಕೈ ಹಾಕುವ ಮೊದಲು ಮೂರು ವಿಷಯ ಖಚಿತವಾಗಬೇಕು.

ಮೈ ಯಾವುದು? ಸಾಲಾಗಿ ರಿವೆಟ್ ಇದ್ದು, ಗೆಣ್ಣಿನಿಂದ ತಟ್ಟಿದರೆ ಡಬ್ಬದ ಸದ್ದು ಬಂದರೆ ಲೋಹ. ರಿವೆಟ್ಟೇ ಇಲ್ಲದೆ ನುಣ್ಣಗಿದ್ದು, ಮಂದ ಸದ್ದು ಬಂದರೆ ನಾರು-ರಾಳದ ಕಾಂಪೋಸಿಟ್. ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ‘ಹಂಸ’ ಇಂಥದ್ದು. ಬೆರಳಿಗೆ ಡೋಲಿನ ಹಾಗೆ ಬಗ್ಗಿದರೆ ಬಟ್ಟೆ ಹೊದಿಸಿದ್ದು. ಅದರ ಕಥೆ ಕೆಳಗೆ ತೀರ್ಥಹಳ್ಳಿಯವರಿಗೆ ಬರೆದಿದ್ದೇವೆ.

ಬಣ್ಣ ಯಾವುದು? ಮೊದಲು ಶಾಂಪೂ ನೀರಲ್ಲಿ ತೊಳೆದು ಒರೆಸಿ. ಬಾಗಿಲಿನ ಅಂಚಿನಂಥ ಕಣ್ಣಿಗೆ ಬೀಳದ ಜಾಗದಲ್ಲಿ, ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಿಳಿ ಬಟ್ಟೆಯಿಂದ ಅರ್ಧ ನಿಮಿಷ ಉಜ್ಜಿ. ಬಟ್ಟೆಗೆ ಬಣ್ಣ ಹತ್ತದೆ, ಮೈ ಅಂಟಂಟಾಗದೆ ಇದ್ದರೆ ಅದು ಹೆಚ್ಚಾಗಿ ಎರಡು ಡಬ್ಬದ್ದನ್ನು ಬೆರೆಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ಪೇಂಟ್, ನಿಶ್ಚಿಂತೆಯಿಂದ ಮುಂದುವರಿಯಬಹುದು. ಬಣ್ಣ ಹತ್ತಿದರೆ ಹಳೇ ಎನಾಮೆಲ್ಲೋ ಡ್ಯೂಕೋ ಬಗೆಯ ಲ್ಯಾಕರೋ ಇರಬಹುದು. ಆಗ ಆಲ್ಕೋಹಾಲ್ ಬಿಟ್ಟು ಮಿನರಲ್ ಟರ್ಪೆಂಟೈನ್ ಒಂದನ್ನೇ, ಅದನ್ನೂ ಹೀಗೇ ಪರೀಕ್ಷಿಸಿ ಬಳಸಿ. ತೊಳೆಯದೆ ಪರೀಕ್ಷೆ ಮಾಡಿದರೆ ಬಿಸಿಲಿಗೆ ಪುಡಿಯಾದ ಮೇಲ್ಪದರವೇ ಬಟ್ಟೆಗೆ ಹತ್ತಿ ದಾರಿ ತಪ್ಪಿಸುತ್ತದೆ.

ಅಕ್ಷರ ಯಾವುದು? ವಿಟಿ ಎಂದು ಶುರುವಾಗುವ ನೋಂದಣಿ ಗುರುತಿಗೆ ನೀವಾಗಿ ಕೈ ಹಾಕುವ ಹಾಗಿಲ್ಲ; ಅದರ ಅಳತೆ, ಜಾಗ ಎಲ್ಲಕ್ಕೂ ನಿಯಮವಿದೆ. ಇಂಧನದ ಮುಚ್ಚಳದ ಪಕ್ಕ ಯಾವ ಇಂಧನ, ಎಷ್ಟು ಎಂದು ಬರೆದಿರುವುದು, ‘ಇಲ್ಲಿ ಕಾಲಿಡಬೇಡಿ’ ಎನ್ನುವುದು, ಇವೂ ಅಲಂಕಾರದ ಬರಹಗಳಲ್ಲ. ಯಾವುದನ್ನು ಕೀಳಬೇಕು ಎಂಬುದನ್ನು ವಿಮಾನದ ಲೈಸೆನ್ಸ್ ಇರುವ ಎಂಜಿನಿಯರ್ ಕೈಯಿಂದಲೇ ಬರೆಸಿಕೊಳ್ಳಿ. ಕೆಲಸ ಮುಗಿದ ಮೇಲೆ ನೋಡಿ ಸಹಿ ಹಾಕುವವರೂ ಅವರೇ.

ಇನ್ನು ಸಾಮಾನು. ನೀವು ಹೇಳಿದ ಹದಿನಾರು ಅಕ್ಷರಕ್ಕೆ ಆಲ್ಕೋಹಾಲ್ ಒಂದು ಲೀಟರ್, ಮಿನರಲ್ ಟರ್ಪೆಂಟೈನ್ ಅರ್ಧ ಲೀಟರ್, ಒಗೆದು ಮೆತ್ತಗಾದ ಹತ್ತಿ ಬಟ್ಟೆ ಒಂದು ಕೆ.ಜಿ., ಪ್ಲಾಸ್ಟಿಕ್ ಬ್ಲೇಡು ಇಪ್ಪತ್ತು, ತಲೆಗೂದಲು ಒಣಗಿಸುವ ಡ್ರೈಯರ್ ಒಂದು, ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದು, ಮಾಸ್ಕಿಂಗ್ ಟೇಪು, ನೈಟ್ರೈಲ್ ಕೈಗವಸು. ಹಳೇ ಎಟಿಎಂ ಕಾರ್ಡು ಪ್ಲಾಸ್ಟಿಕ್ ಬ್ಲೇಡಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ, ಉಬ್ಬಿದ ನಂಬರ್ ಇಲ್ಲದ ಅಂಚನ್ನು ಬಳಸಿದರಾಯಿತು. ಬಣ್ಣದ ಪಂಚೆ, ಲುಂಗಿ ಬೇಡ. ಆಲ್ಕೋಹಾಲಿಗೆ ಅದರ ಬಣ್ಣ ಬಿಟ್ಟು ಬಿಳಿ ಪೇಂಟಿಗೆ ಹತ್ತುತ್ತದೆ.

ನೆರಳಲ್ಲಿ ಕೆಲಸ ಮಾಡಿ. ನಮ್ಮ ಕಡೆ ಬೆಳಗಿನ ಇಬ್ಬನಿ ಹತ್ತು ಗಂಟೆಯವರೆಗೂ ತಗಡಿನ ಮೇಲೆ ಕೂತಿರುತ್ತದೆ, ಅದು ಪೂರ್ತಿ ಆರಲಿ. ಮಳೆಗಾಲದಲ್ಲಿ ಇನ್ನೊಂದು ತೊಡಕಿದೆ: ಆಲ್ಕೋಹಾಲ್ ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಮಂಜಿನಂತೆ ಕಟ್ಟುತ್ತದೆ. ಕೆಲಸ ಮುಂದೂಡುವ ಹಾಗಿದ್ದರೆ ದೀಪಾವಳಿ ಕಳೆಯಲಿ. ವಿಮಾನಕ್ಕೆ ಅರ್ಥಿಂಗ್ ತಂತಿ ಕಟ್ಟಿಸಿ, ಬ್ಯಾಟರಿ ಬಿಡಿಸಿಡಲು ಹೇಳಿ. ಇಂಥ ವಿಮಾನಗಳಲ್ಲಿ ಹೆಚ್ಚಿನವಕ್ಕೆ ರೆಕ್ಕೆಯೇ ಪೆಟ್ರೋಲ್ ಟ್ಯಾಂಕು. ಟ್ಯಾಂಕಿನ ಗಾಳಿಕೊಳವೆ ಇರುವ ಕಡೆ ಡ್ರೈಯರ್ ಆಗಲಿ, ಡ್ರಿಲ್ ಆಗಲಿ ಆನ್ ಮಾಡಬಾರದು.

ಈಗ ಮುಖ್ಯ ಕೆಲಸ. ಡ್ರೈಯರನ್ನು 10–15 ಸೆಂ.ಮೀ. ದೂರ ಹಿಡಿದು, ಅಕ್ಷರದ ಒಂದು ತುದಿಗೆ ಅಂಗೈ ಅಗಲದಷ್ಟು ಜಾಗಕ್ಕೆ ಶಾಖ ಕೊಡಿ. ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಗುರಿ 50ರಿಂದ 60 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಅಂಗೈ ಇಡಿ: ಎರಡು ಮೂರು ಸೆಕೆಂಡಿಗೆ ತೆಗೆಯಬೇಕು ಅನ್ನಿಸಿದರೆ ಹದ ಬಂತು. ಹೀಟ್ ಗನ್‌ನ ಬಾಯಲ್ಲಿ 300 ಡಿಗ್ರಿ ದಾಟಿದ ಗಾಳಿ ಬರುತ್ತದೆ, ತೆಳು ತಗಡಿನ ಬಣ್ಣ ಗುಳ್ಳೆ ಏಳಲು ಕೆಲವೇ ಸೆಕೆಂಡು ಸಾಕು. ಕಾಂಪೋಸಿಟ್ ಮೈಯಾದರೆ 50 ದಾಟಿಸಲೇಬೇಡಿ. ಅದರ ರಾಳ ಶಾಖಕ್ಕೆ ಮೆತ್ತಗಾಗುವಂಥದ್ದು. ಗ್ಲೈಡರುಗಳು ಬೆಳ್ಳಗೆ ಇರುವುದೂ ಬಿಸಿಲಿಗೆ ಮೈ ಕಾಯದಿರಲಿ ಎಂದೇ.

ತುದಿಯನ್ನು ಪ್ಲಾಸ್ಟಿಕ್ ಬ್ಲೇಡಿನಿಂದ ಎಬ್ಬಿಸಿ, ಬೆರಳಿಗೆ ಸಿಕ್ಕಷ್ಟನ್ನು ಹಿಂದಕ್ಕೆ ಮಡಚಿ, ಅಕ್ಷರದ ಮೇಲೆಯೇ ಮಲಗಿಸಿದ ಹಾಗೆ ಎಳೆಯಿರಿ. ನೇರ ಮೇಲಕ್ಕೆ ಎತ್ತಿ ಎಳೆದರೆ ಎಳೆತವೆಲ್ಲ ಬಣ್ಣವನ್ನು ತಗಡಿನಿಂದ ಎಬ್ಬಿಸುವುದಕ್ಕೇ ಹೋಗುತ್ತದೆ. ಎಳೆತ ಒಂದೇ ಸಮ ಇರಲಿ, ಜಗ್ಗಬೇಡಿ. ಹದ ತಪ್ಪಿದ್ದು ಕೈಗೇ ತಿಳಿಯುತ್ತದೆ: ವಿನೈಲ್ ಚಟಚಟ ತುಂಡಾದರೆ ಶಾಖ ಸಾಲದು, ಚೂಯಿಂಗ್ ಗಮ್ಮಿನಂತೆ ಹಿಗ್ಗಿ, ಅಂಟು ಬಣ್ಣದ ಮೇಲೇ ಉಳಿದರೆ ಶಾಖ ಹೆಚ್ಚಾಯಿತು. ರಿವೆಟ್ಟಿನ ತಲೆ ಬಂದಾಗ ಇನ್ನೂ ನಿಧಾನ. ಅಲ್ಲಿ ಬಣ್ಣ ತೆಳ್ಳಗಿದ್ದು ಅಂಚಿನಿಂದ ಏಳುವ ಸಾಧ್ಯತೆ ಜಾಸ್ತಿ. ಹದ ಸಿಕ್ಕ ಮೇಲೆ ಒಂದು ಅಕ್ಷರಕ್ಕೆ ಹದಿನೈದು ಇಪ್ಪತ್ತು ನಿಮಿಷ ಲೆಕ್ಕ ಹಾಕಿ, ಗಿರಾಕಿಗೂ ಹಾಗೇ ಹೇಳಿ.

ಹತ್ತು ವರ್ಷ ದಾಟಿದೆ ಅಂದಿರಿ. ವಿನೈಲನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ಬಿಸಿಲಿಗೆ ಹಾರಿಹೋಗಿ, ಅದು ಒಣಗಿದ ಬಾಳೆಯೆಲೆಯಂತೆ ಪುಡಿಯಾಗುವ ಸ್ಥಿತಿಯಲ್ಲಿರಬಹುದು. ಹಾಗಿದ್ದರೆ ಉಗುರಗಲದ ಚೂರೇ ಬರುತ್ತದೆ. ಒಂದು ಉಪಾಯ: ಅದರ ಮೇಲೆ ಹೊಸ ವಿನೈಲ್ ತುಂಡನ್ನು ಒತ್ತಿ ಅಂಟಿಸಿ, ಬಿಸಿ ಮಾಡಿ, ಎರಡನ್ನೂ ಒಟ್ಟಿಗೆ ಎಳೆಯುವುದು. ಎಷ್ಟೋ ಸಲ ಚೂರುಗಳು ಮೇಲಿನದಕ್ಕೆ ಕಚ್ಚಿಕೊಂಡು ಬಂದುಬಿಡುತ್ತವೆ. ಇದಕ್ಕೂ ಬಗ್ಗದಿದ್ದರೆ ಡ್ರಿಲ್ಲಿಗೆ ಹಾಕುವ ರಬ್ಬರ್ ಚಕ್ರ, ಪೆನ್ಸಿಲ್ ಅಳಿಸುವ ರಬ್ಬರಿನ ಗುಣದ್ದು, ಸಿಗುತ್ತದೆ. ಅದನ್ನು ಲೋಹದ ಮೈ, ಪಿಯು ಬಣ್ಣ ಎರಡೂ ಖಚಿತವಾದರೆ ಮಾತ್ರ ಬಳಸಿ. ವೇಗ ನಿಮಿಷಕ್ಕೆ 1,500–2,000 ಸುತ್ತು. ಡ್ರಿಲ್ಲಿನ ಭಾರ ಚಕ್ರದ ಮೇಲೆ ಬೀಳಬಾರದು. ಒಂದೇ ಜಾಗದಲ್ಲಿ ಎರಡು ಸೆಕೆಂಡಿಗಿಂತ ನಿಲ್ಲಬಾರದು. ಚಕ್ರದ ಉಜ್ಜಾಟದ ಶಾಖಕ್ಕೇ ಬಣ್ಣ ಸುಡುತ್ತದೆ. ರಿವೆಟ್ ತಲೆಯ ಮೇಲೆ ಅದನ್ನು ಓಡಿಸಲೇಬೇಡಿ.

ಕೊನೆಗೆ ಉಳಿಯುವುದು ಅಂಟು. ಹಲಸಿನ ಹಣ್ಣು ಕೊಯ್ದವರಿಗೆ ಇದನ್ನು ವಿವರಿಸಬೇಕಿಲ್ಲ: ಮೇಣ ನೀರಿಗೆ ಜಗ್ಗುವುದಿಲ್ಲ, ಉಜ್ಜಿದಷ್ಟೂ ಹರಡುತ್ತದೆ, ಎಣ್ಣೆ ಸವರಿ ಒಂದು ಗಳಿಗೆ ಬಿಟ್ಟರೆ ತಾನಾಗಿ ಉರುಳುತ್ತದೆ. ಇಲ್ಲೂ ಉಜ್ಜುವುದಕ್ಕಿಂತ ನೆನೆಸುವುದು ಮೇಲು. ಬಟ್ಟೆಗೆ ಮಿನರಲ್ ಟರ್ಪೆಂಟೈನ್ ಹಾಕಿ (ಬಟ್ಟೆ ಒದ್ದೆಯಾಗಿರಲಿ, ತೊಟ್ಟಿಕ್ಕುವಷ್ಟು ಬೇಡ) ಅಂಟಿನ ಮೇಲೆ ಹಚ್ಚಿ, ಆರದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಒತ್ತಿ ಐದು ನಿಮಿಷ ಬಿಡಿ. ಆಮೇಲೆ ಕಾರ್ಡಿನಿಂದ ನೂಕಿದರೆ ಅಂಟು ಸುರುಳಿಯಾಗಿ ಬರುತ್ತದೆ. ತಗಡಿನ ಜೋಡಣೆಯ ಸಂದಿಗೆ ದ್ರವ ಇಳಿಯದಂತೆ ಮೊದಲೇ ಟೇಪು ಹಾಕಿರಬೇಕು. ಒಳಗಿನ ಸೀಲಂಟಿಗೆ ಅದು ಆಗದು. ಟರ್ಪೆಂಟೈನಿನ ಜಿಡ್ಡನ್ನು ಐದು ಲೀಟರ್ ನೀರಿಗೆ ಒಂದೆರಡು ಚಮಚ ಶಾಂಪೂ ಹಾಕಿ ತೊಳೆದು, ಒಣಗಿಸಿ, ಹೊಸ ಅಕ್ಷರ ಹಾಕುವ ಮುನ್ನ ಆಲ್ಕೋಹಾಲಿನಿಂದ ಎರಡು ಸಲ ಒರೆಸಿ. ಎರಡನೇ ಸಲದ ಬಟ್ಟೆ ಹೊಸದಿರಲಿ. ಬಟ್ಟೆ ಸೋಪಿನ ಪುಡಿ, ವಾಷಿಂಗ್ ಸೋಡಾ ಮಾತ್ರ ಬೇಡ. ಆ ಕ್ಷಾರ ಅಲ್ಯೂಮಿನಿಯಂ ತಿನ್ನುತ್ತದೆ.

ಅಕ್ಷರ ಎದ್ದಾಗ ಅಡಿಯ ಬಣ್ಣದಲ್ಲಿ ಎಲೆಯೊಳಗೆ ಹುಳು ಕೊರೆದಂಥ ಅಂಕುಡೊಂಕು ಉಬ್ಬು ಗೆರೆ ಕಂಡರೆ ಅಲ್ಲಿಗೆ ನಿಲ್ಲಿಸಿ. ಅದು ಬಣ್ಣದಡಿ ಹರಿಯುತ್ತಿರುವ ತುಕ್ಕು. ಫೋಟೋ ತೆಗೆದು ಎಂಜಿನಿಯರಿಗೆ ತೋರಿಸಿ. ಬಣ್ಣವೇ ಅಕ್ಷರದ ಜೊತೆ ಹಾಳೆಯಾಗಿ ಕಿತ್ತು ಬಂದರೂ ಹಾಗೇ. ತಗಡನ್ನು ಸರಿಯಾಗಿ ತಯಾರು ಮಾಡದೆ ಬಣ್ಣ ಹೊಡೆದಿದ್ದರೆ, ಬಣ್ಣ ಹಣ್ಣಾಗುವ ಮೊದಲೇ ಅಕ್ಷರ ಅಂಟಿಸಿದ್ದರೆ ಹೀಗಾಗುತ್ತದೆ. ತಪ್ಪು ನಿಮ್ಮದಲ್ಲ, ಆದರೆ ಮುಂದಿನ ಅಕ್ಷರ ಎಳೆದರೆ ನಿಮ್ಮದಾಗುತ್ತದೆ.

ಪ್ರಶ್ನೆ: ಅಕ್ಷರ ಬಂತು, ಅಂಟೂ ಹೋಯಿತು. ಆದರೆ ಕಡುನೀಲಿ ಬಣ್ಣದ ಮೇಲೆ ಹಳೇ ಹೆಸರು ನೆರಳಿನಂತೆ ಓದಲು ಬರುತ್ತಿದೆ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. — ಸಾಗರ

ಉತ್ತರ: ನೀವು ಉಜ್ಜುತ್ತಿರುವುದು ನೆರಳಿನ ಒಳಗೋ ಹೊರಗೋ? ಒಳಗಾದರೆ ಇವತ್ತೇ ನಿಲ್ಲಿಸಿ. ಅಕ್ಷರದಡಿ ಮುಚ್ಚಿಕೊಂಡಿದ್ದ ಬಣ್ಣವೇ ನಿಜವಾದ ಬಣ್ಣ, ಮಾಸಿದ್ದು ಸುತ್ತಲಿನದು. ಒಳಗನ್ನು ಉಜ್ಜಿ ಹೊರಗಿನಂತೆ ಮಾಡಲು ಹೋದರೆ ಒಳ್ಳೆಯ ಬಣ್ಣ ಸವೆಯುತ್ತದೆ, ನೆರಳು ಹಾಗೇ ಇರುತ್ತದೆ.

ಕಣ್ಣು ಓರೆ ಮಾಡಿ ಬೆಳಕಿಗೆ ನೋಡಿ. ಅಕ್ಷರದ ಅಂಚಿಗೆ ಮಾತ್ರ ಕಪ್ಪು ಗೆರೆ ಇದ್ದರೆ ಅದು ಹಳೇ ವ್ಯಾಕ್ಸು, ಧೂಳು, ಅಂಟು ಸೇರಿ ಕಟ್ಟಿದ ಕಿಲುಬು. ಟರ್ಪೆಂಟೈನಿನಲ್ಲಿ ಇನ್ನೊಮ್ಮೆ ನೆನೆಸಿದರೆ ಹೋಗುತ್ತದೆ. ಇಡೀ ಅಕ್ಷರ ಕಡುಬಣ್ಣವಾಗಿ ಕಂಡರೆ ಸುತ್ತಲಿನ ಮಾಸಿದ ಮೇಲ್ಪದರ ತೆಗೆಯಬೇಕು. ನಯವಾದ ಪಾಲಿಶಿಂಗ್ ಕಾಂಪೌಂಡನ್ನು ಕೈಯಿಂದಲೇ, ಅಕ್ಷರದ ಸಾಲಿನ ಸುತ್ತ ಒಂದು ಗೇಣು ಅಗಲಕ್ಕೆ, ನಾಲ್ಕೈದು ಸುತ್ತು ಹಾಕಿ, ಒರೆಸಿ, ನೋಡಿ. ಬಟ್ಟೆಗೆ ಬರುವ ನೀಲಿ ಮೊದಲು ಬೂದುಬೂದಾಗಿದ್ದು ಆಮೇಲೆ ತಿಳಿಯಾಗುತ್ತದೆ. ಅಲ್ಲಿಗೆ ಸತ್ತ ಪದರ ಮುಗಿಯಿತು, ನೀವೂ ನಿಲ್ಲಿಸಿ. ಪ್ರೈಮರ್ ಸೇರಿ ಒಟ್ಟು ಬಣ್ಣವೇ ಹೆಚ್ಚುಕಡಿಮೆ ಒಂದು ಕಾಗದದ ದಪ್ಪ. ರಿವೆಟ್ ತಲೆಗಳಿಗೆ, ತಗಡಿನ ಅಂಚುಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್ ಹಾಕಿರಿ, ಪಾಲಿಶ್ ಮಾಡುವಾಗ ಬರಿ ಲೋಹ ಮೊದಲು ಕಾಣುವುದು ಅಲ್ಲೇ. ಸಿಲಿಕೋನ್ ಇರುವ ಹೊಳಪಿನ ಪಾಲಿಶ್ ಹಚ್ಚಬೇಡಿ. ಮುಂದೆ ಬಣ್ಣ ಹೊಡೆಸುವಾಗ ಮೀನಿನ ಕಣ್ಣಿನಂತೆ ತೂತುತೂತಾಗಿ ಬಣ್ಣ ಹಿಂಜರಿಯುತ್ತದೆ.

ಬಿಳಿ ಬಣ್ಣವಾದರೆ ನೆರಳು ಪೂರ್ತಿ ಹೋಗುತ್ತದೆ ಎನ್ನಬಹುದು. ಕೆಂಪು, ಕಡುನೀಲಿ, ಮರೂನ್ ಆದರೆ ಮುಕ್ಕಾಲು ಪಾಲು ಹೋದರೂ ಲಾಭವೇ. ಉಳಿದದ್ದನ್ನು ಹೊಸ ಅಕ್ಷರದ ಕೆಳಗೆ ಮರೆಮಾಡುವುದು ಜಾಣತನ. ಬಣ್ಣ ಹೊಡೆಸುವುದೇ ಎಂದಾದರೆ, ಬಾಲದ ಚುಕ್ಕಾಣಿ, ರೆಕ್ಕೆ ತುದಿಯ ಅಲ್ಲಾಡುವ ಹಲಗೆಗಳ ಮೇಲೆ ಹೆಚ್ಚುವರಿ ಒಂದು ಕೋಟ್ ಕೂಡ ತೂಕದ ಸಮತೋಲ ಕೆಡಿಸುತ್ತದೆ. ಆ ಕೆಲಸ ಪೇಂಟರಿನದಲ್ಲ, ಎಂಜಿನಿಯರಿನದು.

ಪ್ರಶ್ನೆ: ನಮ್ಮ ತೋಟದ ಹೋಂಸ್ಟೇ ಎದುರು ಪ್ರದರ್ಶನಕ್ಕೆಂದು ಹಳೇ ಹಗುರ ವಿಮಾನವೊಂದನ್ನು ನಿಲ್ಲಿಸಿದ್ದೇವೆ. ಹಾರುವುದಿಲ್ಲ. ಮೈಯೆಲ್ಲ ಬಟ್ಟೆ. ಅಕ್ಷರದ ಅಂಚಿಗೆ ಪಾಚಿ ಕಟ್ಟಿದೆ. ಕೀಳುವುದು ಹೇಗೆ? — ತೀರ್ಥಹಳ್ಳಿ

ಉತ್ತರ: ಬಟ್ಟೆ ಹೊದಿಸಿದ ವಿಮಾನ ಅಂದರೆ ಎಚ್‌ಎಎಲ್‌ನ ‘ಪುಷ್ಪಕ್’ ನೆನಪಾಗುತ್ತದೆ, 1958ರಲ್ಲಿ ಮೊದಲು ಹಾರಿ, ಆಮೇಲೆ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಮಂದಿಗೆ ಹಾರಲು ಕಲಿಸಿದ್ದು. ಇಂಥ ಮೈಗೆ ಕೊಳವೆಯ ಚೌಕಟ್ಟಿನ ಆಸರೆ ಅಲ್ಲಲ್ಲಿ ಮಾತ್ರ. ಮಿಕ್ಕ ಜಾಗದಲ್ಲಿ ಬ್ಲೇಡು ಒತ್ತಿದರೆ ಬಟ್ಟೆ ತಗ್ಗಿ, ಮೇಲಿನ ಬಣ್ಣ ಜೇಡರ ಬಲೆಯಂತೆ ಬಿರಿಯುತ್ತದೆ. ಪಾಲಿಯೆಸ್ಟರ್ ಬಟ್ಟೆ 120 ಡಿಗ್ರಿ ಸುಮಾರಿಗೆ ಬಿಗಿಯುತ್ತದೆ, 175 ದಾಟಿದರೆ ಬಿಗಿ ಕಳೆದುಕೊಂಡು ಜೋತುಬೀಳುತ್ತದೆ. ಹತ್ತಿ ಬಟ್ಟೆಗೆ ಹಚ್ಚಿದ ಹಳೇ ಡೋಪ್ (ಬಟ್ಟೆ ಬಿಗಿಯಲೆಂದು ಬಳಿಯುವ ಲ್ಯಾಕರ್) ಬೆಂಕಿಗೆ ಬತ್ತಿಯಿದ್ದ ಹಾಗೆ. ಅಲ್ಲಿ ಹೀಟ್ ಗನ್ ತರುವುದೇ ಅಪಾಯ. ಥಿನ್ನರ್, ಅಸಿಟೋನ್ ತಾಗಿದರೆ ಡೋಪ್ ಕರಗಿಬಿಡುತ್ತದೆ.

ಪಾಚಿಯನ್ನು ಮೊದಲು ಶಾಂಪೂ ನೀರು, ಮೆತ್ತನೆ ಬ್ರಷ್ಷಿನಿಂದ ತೊಳೆಯಿರಿ. ಪ್ರೆಷರ್ ವಾಷರ್ ಬೇಡ. ಆಮೇಲೆ ಸ್ನಾನದ ನೀರಿಗಿಂತ ತುಸು ಹೆಚ್ಚು ಬಿಸಿ ನೀರಲ್ಲಿ, 50 ಡಿಗ್ರಿ ಸಾಕು, ಟವೆಲ್ ಅದ್ದಿ ಹಿಂಡಿ ಅಕ್ಷರದ ಮೇಲೆ ಎರಡು ನಿಮಿಷ ಹಾಸಿ, ಬಂದಷ್ಟನ್ನು ಬೆರಳಿಂದಲೇ ಮಡಚಿ ಎಳೆಯಿರಿ. ಇನ್ನೊಂದು ಕೈ ಬೆರಳು ಪಕ್ಕದ ಬಟ್ಟೆಯನ್ನು ಒತ್ತಿ ಹಿಡಿದಿರಲಿ. ಜಗ್ಗದ ಅಕ್ಷರವನ್ನು ಹಾಗೇ ಬಿಡುವುದೇ ನಮ್ಮ ಸಲಹೆ. ಪ್ರದರ್ಶನದ ವಿಮಾನಕ್ಕೆ ಹರಕು ಬಟ್ಟೆಗಿಂತ ಹಳೇ ಅಕ್ಷರ ಚೆಂದ. ಕೆಳಮೈಯಲ್ಲಿ ನೀರು ಬಸಿಯುವ ಸಣ್ಣ ತೂತುಗಳಿರುತ್ತವೆ. ಪಾಚಿ ಕಟ್ಟಿದೆ ಎಂದರೆ ಅವು ಮುಚ್ಚಿರುವ ಸಾಧ್ಯತೆ ಇದೆ, ಜೂನ್ ಬರುವ ಮೊದಲು ಒಂದೊಂದನ್ನೂ ನೋಡಿ.

ಪ್ರಶ್ನೆ: ಕಿಟಕಿಯ ಮೇಲಿನ ಸ್ಟಿಕ್ಕರಿಗೂ ಆಲ್ಕೋಹಾಲ್ ಆಗುತ್ತದೆಯೇ? ಅಥವಾ ಮನೆಯ ಕೊಬ್ಬರಿ ಎಣ್ಣೆ, ಗಾಡಿಯ ಪೆಟ್ರೋಲ್? — ಕೊಪ್ಪ

ಉತ್ತರ: ಚಿಕ್ಕ ವಿಮಾನದ ಕಿಟಕಿ ಗಾಜಲ್ಲ, ಅಕ್ರಿಲಿಕ್. ಆಲ್ಕೋಹಾಲ್, ಪೆಟ್ರೋಲ್, ಥಿನ್ನರ್, ಅಸಿಟೋನ್, ಗಾಜು ಒರೆಸುವ ಸ್ಪ್ರೇ ಯಾವುದೂ ಅದಕ್ಕೆ ತಾಗಬಾರದು. ತಾಗಿದಾಗ ಏನೂ ಆಗದಂತೆ ಕಾಣುತ್ತದೆ; ಆಮೇಲೆ ಒಳಗೆ ಕೂದಲೆಳೆಯ ಬಿರುಕುಗಳ ಜಾಲ ಏಳುತ್ತದೆ, ಬೆಳಗಿನ ಎಳೆಬಿಸಿಲಿಗೆ ಪೈಲಟ್‌ಗೆ ಎದುರಿನದು ಕಾಣುವುದಿಲ್ಲ. ಸೀಮೆಎಣ್ಣೆ ಸೋಕಿಸಿದ ಮೆತ್ತನೆ ಬಟ್ಟೆ ಆಗಬಹುದು, ಕೂಡಲೇ ಶಾಂಪೂ ನೀರಿನಿಂದ ತೊಳೆಯಬೇಕು. ಕೆರೆಯಲು ಉಗುರು ಸಾಕು, ಕಾರ್ಡೂ ಬೇಡ. ಒಣ ಬಟ್ಟೆಯಿಂದ ಒರೆಸಿದರೆ ಧೂಳೇ ಗೀರು ಹಾಕುತ್ತದೆ.

ಕೊಬ್ಬರಿ ಎಣ್ಣೆ ಬಣ್ಣದ ಮೇಲಿನ ಅಂಟಿಗೆ ನಿಧಾನವಾಗಿ ಕೆಲಸ ಮಾಡುತ್ತದೆ, ಬಣ್ಣಕ್ಕೆ ಕೇಡಿಲ್ಲ. ಜಿಡ್ಡು ಪೂರ್ತಿ ಹೋಗದೆ ಹೊಸ ಅಕ್ಷರ ಕಚ್ಚುವುದಿಲ್ಲ, ಅಷ್ಟೇ. ಪೆಟ್ರೋಲ್ ಯಾವುದಕ್ಕೂ ಬೇಡ.

ಪ್ರಶ್ನೆ: ವಿಮಾನ ತೊಳೆಯುವಾಗ, ಸ್ಟಿಕ್ಕರ್ ತೆಗೆಯುವಾಗ ಪಕ್ಕದ ಸಣ್ಣ ತೂತುಗಳಿಗೆ ಟೇಪ್ ಹಚ್ಚಬೇಕು ಎನ್ನುತ್ತಾರೆ, ಹಚ್ಚಲೇಬಾರದು ಎಂದೂ ಹೇಳುತ್ತಾರೆ. ಯಾವುದು ಸರಿ? — ಭದ್ರಾವತಿ, ಡಿಪ್ಲೊಮಾ ವಿದ್ಯಾರ್ಥಿ

ಉತ್ತರ: ಹಚ್ಚಬೇಕು, ತೆಗೆಯಲೂ ಬೇಕು. ಆ ತೂತಿಗೆ ಸ್ಟ್ಯಾಟಿಕ್ ಪೋರ್ಟ್ ಎನ್ನುತ್ತಾರೆ. ಹೊರಗಿನ ಗಾಳಿಯ ಒತ್ತಡ ಅಲ್ಲಿಂದ ಒಳಹೋಗಿ ಎತ್ತರದ ಮಾಪಕ, ವೇಗದ ಮಾಪಕ, ಏರಿಳಿತದ ಮಾಪಕ ಮೂರನ್ನೂ ನಡೆಸುತ್ತದೆ. ಅಂಟಿನ ಒಂದು ಚೂರೋ ಪಾಲಿಶ್ ಪುಡಿಯೋ ಒಳಗೆ ಹೋದರೆ ಮೂರೂ ಸುಳ್ಳು ಹೇಳುತ್ತವೆ. 1996ರ ಅಕ್ಟೋಬರ್ 2ರಂದು ಪೆರುವಿನ ಲಿಮಾದಿಂದ ಸ್ಯಾಂಟಿಯಾಗೊಗೆ ಹೊರಟ ಏರೋಪೆರು 603 ವಿಮಾನ ಸಮುದ್ರಕ್ಕೆ ಬಿದ್ದು ಅದರಲ್ಲಿದ್ದ 70 ಮಂದಿಯೂ ತೀರಿಕೊಂಡರು. ಮೈ ಸ್ವಚ್ಛ ಮಾಡುವಾಗ ಸ್ಟ್ಯಾಟಿಕ್ ಪೋರ್ಟುಗಳಿಗೆ ಹಚ್ಚಿದ ಟೇಪನ್ನು ತೆಗೆಯದೆ ಬಿಟ್ಟದ್ದೇ ಕಾರಣ. ರಾತ್ರಿ, ಬೆಳ್ಳಿಯ ಬಣ್ಣದ ಮೈ ಮೇಲೆ ಬೆಳ್ಳಿಯ ಬಣ್ಣದ ಟೇಪು. ಹಾರುವ ಮುನ್ನ ಸುತ್ತು ಹಾಕಿ ನೋಡಿದವರ ಕಣ್ಣಿಗೂ ಬೀಳಲಿಲ್ಲ.

ಆದ್ದರಿಂದ ಟೇಪು ಕಿತ್ತಳೆ ಅಥವಾ ಕೆಂಪು ಬಣ್ಣದ್ದಿರಲಿ, ತುದಿಗೆ ಒಂದು ಗೇಣು ಉದ್ದದ ಕೆಂಪು ಪಟ್ಟಿ ಜೋತಾಡುತ್ತಿರಲಿ. ಹಚ್ಚಿದ ಟೇಪುಗಳನ್ನೆಲ್ಲ ಎಣಿಸಿ, ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಪೈಲಟ್ ಕೂರುವ ಸೀಟಿನ ಮೇಲಿಡಿ. ಕೆಲಸ ಮುಗಿದಾಗ ಕಿತ್ತ ಟೇಪುಗಳನ್ನು ಅದೇ ಚೀಟಿಯ ಪಕ್ಕ ಸಾಲಾಗಿ ಅಂಟಿಸಿ ಎಣಿಸಿ. ತೂತಿನ ಅಂಚಿಗೆ ಟೇಪಿನ ಅಂಟು ಉಳಿದಿದ್ದರೆ ಆಲ್ಕೋಹಾಲನ್ನು ಬಟ್ಟೆಗೆ ಸೋಕಿಸಿ ಒರೆಸಬೇಕು, ತೂತಿನತ್ತ ಸಿಂಪಡಿಸಬಾರದು. ಒಳಗೆ ಕಡ್ಡಿ, ಪಿನ್ನು ಹಾಕಿ ಕೆದಕುವುದಂತೂ ಬೇಡವೇ ಬೇಡ.